ಕೇಳಲು ಹೆದರುವ ದಾದಿ, ಕೇಳಿಸಿಕೊಳ್ಳದ ಆಸ್ಪತ್ರೆ

ಪ್ರತಿವರ್ಷ ಮೇ ತಿಂಗಳಿನಲ್ಲಿ ದುಡಿಮೆಯ ಗೌರವವನ್ನು ನೆನಪಿಸುವ ಎರಡು ದಿನಗಳು ಹತ್ತಿರ ಹತ್ತಿರ ಬರುತ್ತವೆ. ಮೊದಲನೆಯದು ಮೇ 1. ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ಆ ದಿನವನ್ನು ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1955ರಲ್ಲಿ ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಎರಡನೆಯದು ಮೇ 12. 1820ರಲ್ಲಿ ಅದೇ ದಿನ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ನೆನಪಿನಲ್ಲಿ ಅಂದು ಅಂತಾರಾಷ್ಟ್ರೀಯ ದಾದಿಯರ ದಿನ. ಆಸ್ಪತ್ರೆಗಳ ಸಭಾಂಗಣಗಳಲ್ಲಿ ದೀಪ ಹಚ್ಚಿ ಪ್ರತಿಜ್ಞೆ ಬೋಧಿಸುತ್ತಾರೆ, ಗುಲಾಬಿ ಹಂಚುತ್ತಾರೆ, ಮುಖ್ಯ ಅತಿಥಿಗಳಾಗಿ ಬಂದವರು ದಾದಿಯರನ್ನು ಭೂಮಿಗಿಳಿದ ದೇವದೂತರೆಂದು ಹೊಗಳಿ ಹೋಗುತ್ತಾರೆ. ಮರುದಿನ ಬೆಳಗಿನ ಪಾಳಿಗೆ ಅದೇ ದಾದಿ ವಾರ್ಡಿಗೆ ಕಾಲಿಟ್ಟಾಗ ಅವಳನ್ನು ಯಾರು ಹೇಗೆ ಮಾತಾಡಿಸುತ್ತಾರೆ, ಅವಳ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಯಾವ ಭಾಷಣಕಾರರೂ ಹೇಳುವುದಿಲ್ಲ.

ಆ ಮರುದಿನದ ವಿಚಾರವನ್ನೇ ನಾವು ಈ ವಾರ ಎತ್ತಿಕೊಂಡಿದ್ದೇವೆ. ಕರಾವಳಿಯ ನಮ್ಮ ಕುಟುಂಬಗಳಿಗೆ ಇದು ಪರರ ಮನೆಯ ಸುದ್ದಿಯಲ್ಲ. ಮಗಳೋ ಸೊಸೆಯೋ ತಂಗಿಯೋ ದಾದಿಯಾಗಿರುವ ಮನೆಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಅವರು ಕಳುಹಿಸಿದ ಹಣದಿಂದ ಹೆಂಚಿನ ಮನೆ ತಾರಸಿಯಾಗಿದೆ, ತಮ್ಮಂದಿರ ವಿದ್ಯಾಭ್ಯಾಸ ಮುಗಿದಿದೆ. ಇನ್ನೊಂದು ಕಡೆ ಆಸ್ಪತ್ರೆಗಳನ್ನು ಕಟ್ಟಿ ನಡೆಸುವವರಲ್ಲೂ ನಮ್ಮ ಧರ್ಮಗುರುಗಳು, ಧರ್ಮಭಗಿನಿಯರು ಇದ್ದಾರೆ. ಮೇಲಧಿಕಾರಿ ಮತ್ತು ಕೈಕೆಳಗಿನವರು ಎಂಬ ಎರಡೂ ಕುರ್ಚಿಗಳಲ್ಲಿ ಕುಳಿತಿರುವವರು ನಮ್ಮವರೇ ಆಗಿರುವಾಗ, ಅವರ ನಡುವಿನ ಸಂಬಂಧದ ಬಗ್ಗೆ ಮಾತನಾಡದೆ ಉಳಿಯುವುದು ಸರಿಯಲ್ಲ.

ಒಂದು ರಾತ್ರಿಯ ಪ್ರಸಂಗ

ನಮ್ಮ ಪರಿಚಯದ ಕುಟುಂಬವೊಂದರ ಮಗಳು ನಾಲ್ಕು ವರ್ಷದ ನರ್ಸಿಂಗ್ ಪದವಿ ಮುಗಿಸಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿದಳು. ವಿದ್ಯಾಭ್ಯಾಸಕ್ಕೆಂದು ಮಾಡಿದ ಬ್ಯಾಂಕ್ ಸಾಲದ ಕಂತು ಆಗಲೇ ಆರಂಭವಾಗಿತ್ತು. ಹೀಗಿದ್ದರೂ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಮನೆಗೆ ಬಂದಳು. ಸಂಬಳ ಸಾಲದೆ ಬಿಟ್ಟಿರಬೇಕೆಂದು ನೆರೆಯವರು ಆಡಿಕೊಂಡರು. ಹುಡುಗಿಗೆ ಮದುವೆ ನಿಶ್ಚಯವಾಗಿರಬೇಕೆಂದು ಮತ್ತೆ ಕೆಲವರು ಊಹಿಸಿದರು. ಅವಳು ಹೇಳಿದ ಕಾರಣ ಬೇರೆಯೇ ಆಗಿತ್ತು.

ಒಂದು ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರ ಚೀಟಿಯಲ್ಲಿ ಬರೆದಿದ್ದ ಔಷಧದ ಪ್ರಮಾಣ ಅವಳಿಗೆ ಹೆಚ್ಚೆಂದು ತೋರಿತು. ವಾರ್ಡಿನ ಇನ್‌ಚಾರ್ಜ್ ಆಗಿದ್ದ ಹಿರಿಯ ದಾದಿಯನ್ನು ಕೇಳಿದಳು. ‘ನಾಲ್ಕು ವರ್ಷ ಏನು ಕಲಿತು ಬಂದೆ? ಇಷ್ಟೂ ಗೊತ್ತಿಲ್ಲವೆ ನಿನಗೆ?’ ಎಂಬ ಉತ್ತರ ರೋಗಿಗಳ ಮುಂದೆ, ಅವರ ಸಂಬಂಧಿಕರ ಮುಂದೆ, ಆಯಾಗಳ ಮುಂದೆ ಬಂತು. ಪ್ರಮಾಣ ಸರಿಯಾಗಿಯೇ ಇತ್ತು. ಕೆಲವು ವಾರಗಳ ನಂತರ ಇನ್ನೊಂದು ರಾತ್ರಿ ಅಂಥದೇ ಅನುಮಾನ ಬಂದಾಗ ಅವಳು ಯಾರನ್ನೂ ಕೇಳಲಿಲ್ಲ. ಬರೆದಿದ್ದನ್ನು ಕೊಟ್ಟಳು. ದೇವರ ದಯೆಯಿಂದ ರೋಗಿಗೆ ಏನೂ ಆಗಲಿಲ್ಲ. ಆದರೆ ಬೆಳಗಿನ ರಿಪೋರ್ಟ್ ಕೊಡುವವರೆಗೆ ಹತ್ತು ಸಲ ಆ ಹಾಸಿಗೆಯ ಬಳಿ ಹೋಗಿ ಉಸಿರು ನೋಡಿ ಬಂದೆನೆಂದೂ, ತಾನು ಕೇಳದೆ ಇದ್ದೆನೆಂಬ ಭಯವೇ ತನ್ನನ್ನು ಕೆಲಸ ಬಿಡಿಸಿತೆಂದೂ ಅವಳು ಹೇಳಿದಳು. ತಾಯಿಗೆ ಇದು ಅರ್ಥವಾಗಲಿಲ್ಲ. ‘ಎಲ್ಲ ಕಡೆಯೂ ಹೀಗೇ ಮಗಾ, ಸ್ವಲ್ಪ ಸಹಿಸಿಕೊಳ್ಳಬೇಕಿತ್ತು’ ಎಂದರು.

ಈ ತಾಯಿಯ ಮಾತು ನಮ್ಮ ಅನೇಕ ಮನೆಗಳ ಮಾತು. ಬೈಗುಳವನ್ನು ಸಹಿಸಿಕೊಳ್ಳಬಹುದೆಂದೇ ಇಟ್ಟುಕೊಳ್ಳೋಣ. ಆದರೆ ಆ ಎರಡನೆಯ ರಾತ್ರಿ ಏನಾಯಿತು? ದಾದಿಯೊಬ್ಬಳು ತನಗೆ ತೋಚಿದ ಅನುಮಾನವನ್ನು ನುಂಗಿಕೊಂಡಳು. ನುಂಗಿದ್ದು ಅವಳಾದರೂ ಅಪಾಯಕ್ಕೆ ಸಿಕ್ಕಿದ್ದವರು ಹಾಸಿಗೆಯಲ್ಲಿ ಮಲಗಿದ್ದವರು. ಮೇಲಧಿಕಾರಿಯ ನಾಲಿಗೆ ಒಬ್ಬ ನೌಕರಳ ಮನಸ್ಸನ್ನು ಮಾತ್ರ ನೋಯಿಸುತ್ತದೆಂದು ತಿಳಿಯುವವರು ಈ ಎರಡನೆಯ ರಾತ್ರಿಯನ್ನು ಮರೆಯಬಾರದು.

ಹೆಚ್ಚು ತಪ್ಪು ದಾಖಲಾದ ವಾರ್ಡ್

ಈ ವಿಷಯದಲ್ಲಿ ಬೆಳಕು ಚೆಲ್ಲುವ ಅಧ್ಯಯನವೊಂದನ್ನು ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1996ರಲ್ಲಿ ಪ್ರಕಟಿಸಿದರು. ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿ, ಆಯಾ ವಾರ್ಡಿನ ದಾದಿಯರು ಮತ್ತು ಅವರ ಮೇಲ್ವಿಚಾರಕರ ನಡುವಿನ ಸಂಬಂಧ ಹೇಗಿದೆಯೆಂಬುದರ ಜೊತೆ ಅದನ್ನು ತೂಗಿ ನೋಡುವುದು ಅವರ ಉದ್ದೇಶ. ಸಂಬಂಧ ಚೆನ್ನಾಗಿರುವ ವಾರ್ಡಿನಲ್ಲಿ ತಪ್ಪುಗಳು ಕಡಿಮೆ ಇರಬೇಕೆಂಬುದು ಅವರ ನಿರೀಕ್ಷೆಯಾಗಿತ್ತು. ನಮ್ಮ ನಿಮ್ಮ ನಿರೀಕ್ಷೆಯೂ ಹಾಗೆಯೇ ಇರುತ್ತಿತ್ತು. ಲೆಕ್ಕ ಮುಗಿಸಿ ನೋಡಿದಾಗ ಫಲಿತಾಂಶ ತಲೆಕೆಳಗಾಗಿತ್ತು. ಯಾವ ವಾರ್ಡಿನಲ್ಲಿ ಮೇಲ್ವಿಚಾರಕರು ಒಳ್ಳೆಯವರೆಂದು ದಾದಿಯರು ಹೇಳಿದ್ದರೋ ಅಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು.

ಒಳ್ಳೆಯ ಮೇಲಧಿಕಾರಿಯ ಕೈಕೆಳಗೆ ಶಿಸ್ತು ಸಡಿಲವಾಗುತ್ತದೆಂದು ಇದರಿಂದ ತೀರ್ಮಾನಿಸಬಹುದಿತ್ತು. ಎಡ್ಮಂಡ್‌ಸನ್ ಹಾಗೆ ಅವಸರ ಪಡಲಿಲ್ಲ. ಈ ಲೆಕ್ಕಗಳ ಬಗ್ಗೆ ಏನೂ ತಿಳಿಯದ ಇನ್ನೊಬ್ಬರನ್ನು ಆ ವಾರ್ಡುಗಳಿಗೆ ಕಳುಹಿಸಿ, ಅಲ್ಲಿಯ ನಡವಳಿಕೆಯನ್ನು ನೋಡಿ ಬರುವಂತೆ ಮಾಡಿದರು. ಆಗ ಗುಟ್ಟು ಬಯಲಾಯಿತು. ಕೆಲವು ವಾರ್ಡುಗಳಲ್ಲಿ ತಪ್ಪಾದರೆ ದಾದಿಯರು ತಾವಾಗಿಯೇ ಬಂದು ಹೇಳುತ್ತಿದ್ದರು, ಅದು ಮತ್ತೆ ಆಗದಂತೆ ಏನು ಮಾಡಬೇಕೆಂದು ಎಲ್ಲರೂ ಕೂಡಿ ಯೋಚಿಸುತ್ತಿದ್ದರು. ಇನ್ನು ಕೆಲವು ವಾರ್ಡುಗಳಲ್ಲಿ ಶಿಕ್ಷೆಗೆ ಹೆದರಿ ತಪ್ಪನ್ನು ಮುಚ್ಚಿಡುತ್ತಿದ್ದರು. ದಾಖಲೆಯ ಪುಸ್ತಕದಲ್ಲಿ ತಪ್ಪು ಕಡಿಮೆ ಇದ್ದುದು ಕೆಲಸ ಚೆನ್ನಾಗಿದ್ದುದರ ಗುರುತಾಗಿರಲಿಲ್ಲ, ಭಯ ಹೆಚ್ಚಿದ್ದುದರ ಗುರುತಾಗಿತ್ತು.

‘ನಮ್ಮ ಆಸ್ಪತ್ರೆಯಲ್ಲಿ ಯಾವ ದೂರೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವ ಆಡಳಿತಗಾರರನ್ನು ನಾವು ಕಂಡಿದ್ದೇವೆ. ದೂರು ಇಲ್ಲದಿರುವುದಕ್ಕೂ ದೂರು ಹೇಳಲಾಗದಿರುವುದಕ್ಕೂ ಇರುವ ಅಂತರವನ್ನು ಅವರು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ತೃಪ್ತಿ ಎಲ್ಲಿಂದ ಬರುತ್ತದೆ?

ಕೆಲಸದ ತೃಪ್ತಿ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ಸಂಬಳ ಹೆಚ್ಚಾದರೆ ತೃಪ್ತಿ, ಕಡಿಮೆಯಾದರೆ ಅತೃಪ್ತಿ ಎಂಬಷ್ಟು ಸರಳ ಸಂಗತಿ ಇದಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸುಮಾರು 200 ಎಂಜಿನಿಯರರನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ 1959ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಅವರ ಪ್ರಕಾರ ತೃಪ್ತಿಗೆ ಕಾರಣವಾಗುವ ಅಂಶಗಳೇ ಬೇರೆ, ಅತೃಪ್ತಿಗೆ ಕಾರಣವಾಗುವ ಅಂಶಗಳೇ ಬೇರೆ. ಸಂಬಳ, ಸಂಸ್ಥೆಯ ನಿಯಮ, ಮೇಲಧಿಕಾರಿಯ ನಡತೆ ಇವು ಕೆಟ್ಟರೆ ಮನುಷ್ಯ ಅತೃಪ್ತನಾಗುತ್ತಾನೆ. ಆದರೆ ಇವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ತುಂಬಿ ಬರುವುದಿಲ್ಲ. ತೃಪ್ತಿ ಬರುವುದು ಕೆಲಸದ ಒಳಗಿನಿಂದ: ಮಾಡಿದ ಕೆಲಸ ಫಲ ಕೊಟ್ಟಾಗ, ಅದನ್ನು ಯಾರಾದರೂ ಗುರುತಿಸಿದಾಗ, ಹೊಣೆ ನಂಬಿ ಒಪ್ಪಿಸಿದಾಗ, ಬೆಳೆಯಲು ದಾರಿ ಇದ್ದಾಗ. ಈ ವಿಚಾರವನ್ನು ಒಪ್ಪದ ಪಂಡಿತರೂ ಇದ್ದಾರೆ. ಆದರೆ ದಾದಿಯರ ವಿಷಯದಲ್ಲಿ ಇದು ಬಹುಮಟ್ಟಿಗೆ ಸರಿಯೆಂದು ನಮಗೆ ತೋರುತ್ತದೆ.

ಏಕೆಂದರೆ ತೃಪ್ತಿಯ ಬುಗ್ಗೆ ಆ ಕೆಲಸದಲ್ಲಿಯೇ ಇದೆ. ಸ್ಟ್ರೆಚರಿನಲ್ಲಿ ಬಂದವರು ನಡೆದು ಮನೆಗೆ ಹೋಗುವುದನ್ನು ಕಾಣುವ ಭಾಗ್ಯ ಎಷ್ಟು ಉದ್ಯೋಗಗಳಲ್ಲಿದೆ? ಹೋಗುವಾಗ ಆ ರೋಗಿ ತಿರುಗಿ ನಿಂತು ‘ಸಿಸ್ಟರ್, ಬರುತ್ತೇನೆ’ ಎಂದರೆ ಸಾಕು, ಹನ್ನೆರಡು ಗಂಟೆಯ ಕಾಲುನೋವು ಮರೆತುಹೋಗುತ್ತದೆ. ಮೇಲಧಿಕಾರಿ ಈ ತೃಪ್ತಿಯನ್ನು ಹೊರಗಿನಿಂದ ತಂದು ಕೊಡಬೇಕಾಗಿಲ್ಲ. ಇರುವ ಬುಗ್ಗೆಗೆ ಕಲ್ಲು ಹಾಕದೆ ಇದ್ದರೆ ಸಾಕು.

1983ರಲ್ಲಿ ಅಮೆರಿಕದ ದಾದಿಯರ ಅಕಾಡೆಮಿ ಇನ್ನೊಂದು ರೀತಿಯಲ್ಲಿ ಇದೇ ಪ್ರಶ್ನೆಯನ್ನು ಕೇಳಿತು. ಆಗ ಆ ದೇಶದಲ್ಲಿ ದಾದಿಯರ ತೀವ್ರ ಕೊರತೆ. ಎಷ್ಟೋ ಆಸ್ಪತ್ರೆಗಳು ಜನ ಸಿಗದೆ ಒದ್ದಾಡುತ್ತಿದ್ದಾಗಲೂ ಕೆಲವು ಆಸ್ಪತ್ರೆಗಳಿಂದ ಮಾತ್ರ ದಾದಿಯರು ಬಿಟ್ಟು ಹೋಗುತ್ತಿರಲಿಲ್ಲ. ಅಂಥ 41 ಆಸ್ಪತ್ರೆಗಳನ್ನು ಆರಿಸಿ ಅಧ್ಯಯನ ಮಾಡಿ, ಅಯಸ್ಕಾಂತದಂತೆ ದಾದಿಯರನ್ನು ಹಿಡಿದಿಟ್ಟುಕೊಳ್ಳುವ ಅವುಗಳಿಗೆ ‘ಮ್ಯಾಗ್ನೆಟ್’ ಎಂಬ ಹೆಸರಿಟ್ಟರು. ಅಲ್ಲಿ ಕಂಡ ಗುಣಗಳಲ್ಲಿ ಮುಖ್ಯವಾದವು ಇವು: ದಾದಿಯರ ಮುಖ್ಯಸ್ಥರು ಕೋಣೆಯೊಳಗೆ ಕುಳಿತಿರದೆ ವಾರ್ಡಿನಲ್ಲಿ ಕಾಣಸಿಗುತ್ತಿದ್ದರು, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು, ದಾದಿಯರ ಪರವಾಗಿ ಆಡಳಿತದ ಮುಂದೆ ಮಾತನಾಡುತ್ತಿದ್ದರು, ರೋಗಿಯ ಆರೈಕೆಯ ನಿರ್ಧಾರಗಳಲ್ಲಿ ದಾದಿಗೂ ಪಾಲಿತ್ತು.

ಕೈಗಳೇ ಸಾಲದಿದ್ದರೆ

ಇಷ್ಟು ಹೇಳಿದ ಮೇಲೆ ವಾರ್ಡ್ ಇನ್‌ಚಾರ್ಜ್ ಆಗಿರುವ ಹಿರಿಯ ದಾದಿಯರಿಗೂ ನ್ಯಾಯ ಸಲ್ಲಿಸಬೇಕು. ಅವರು ಕೆಟ್ಟವರೆಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಸತ್ಯವಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ದಾದಿ, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಜೆ ಹೋದವರ ಜಾಗ ತುಂಬಲು ಶೇ. 30ರಷ್ಟು ಹೆಚ್ಚುವರಿ ನೇಮಕವಾಗಬೇಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯ ಬಳಿ ಕಾವಲು ಕುಳಿತ ಯಾರಿಗೇ ಆಗಲಿ, ಈ ಲೆಕ್ಕ ಕಾಗದದ ಮೇಲೆ ಎಷ್ಟಿದೆ, ವಾರ್ಡಿನಲ್ಲಿ ಎಷ್ಟಿದೆ ಎಂಬುದು ಗೊತ್ತು.

ಕೊರತೆಯ ಪರಿಣಾಮ ಎಷ್ಟೆಂಬುದನ್ನು ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನವದು. ಒಬ್ಬ ದಾದಿಯ ಪಾಲಿಗೆ ಇನ್ನೊಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು, ದಾದಿ ಬಳಲಿ ಬತ್ತಿಹೋಗುವ ಸಂಭವ ಶೇ. 23ರಷ್ಟು, ಕೆಲಸದ ಬಗ್ಗೆ ಅತೃಪ್ತಿ ಹುಟ್ಟುವ ಸಂಭವ ಶೇ. 15ರಷ್ಟು ಹೆಚ್ಚುವುದನ್ನು ಅವರು ಕಂಡರು. ರೋಗಿಯ ಸಾವು ಮತ್ತು ದಾದಿಯ ಅತೃಪ್ತಿ ಒಂದೇ ಬೇರಿನಿಂದ ಕವಲೊಡೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೆ?

ಈ ಕೊರತೆಯ ನಡುವೆ ಡ್ಯೂಟಿ ಪಟ್ಟಿ ಬರೆಯುವವರು ವಾರ್ಡ್ ಇನ್‌ಚಾರ್ಜ್. ಕ್ರಿಸ್ಮಸ್ ರಾತ್ರಿ ಯಾರು ಕೆಲಸ ಮಾಡಬೇಕು, ತಂಗಿಯ ರೋಸ್ ಸಮಾರಂಭಕ್ಕೆ ಯಾರಿಗೆ ರಜೆ, ಊರ ಇಗರ್ಜಿಯ ಹಬ್ಬಕ್ಕೆ ಯಾರು ಹೋಗಬಹುದು, ಎಲ್ಲವೂ ಅವರ ಪೆನ್ಸಿಲಿನ ತುದಿಯಲ್ಲಿ. ಮೇಲಿನಿಂದ ಆಡಳಿತ ಖರ್ಚು ತಗ್ಗಿಸಲು ಒತ್ತುತ್ತದೆ, ಪಕ್ಕದಿಂದ ವೈದ್ಯರು ಸಿಡುಕುತ್ತಾರೆ, ಕೆಳಗಿನಿಂದ ದಾದಿಯರು ಗೊಣಗುತ್ತಾರೆ, ಎದುರಿನಿಂದ ರೋಗಿಯ ಕಡೆಯವರು ಜಗಳಕ್ಕೆ ನಿಲ್ಲುತ್ತಾರೆ. ಚುಚ್ಚುಮದ್ದು ಕೊಡುವುದರಲ್ಲಿ ನುರಿತವರೆಂಬ ಕಾರಣಕ್ಕೆ ಒಂದು ದಿನ ಅವರ ಕೈಗೆ ಬೀಗದ ಕೈಗೊಂಚಲು ಬಂದಿರುತ್ತದೆ. ಮನುಷ್ಯರನ್ನು ನಡೆಸಿಕೊಳ್ಳುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ತಮ್ಮ ಮೇಟ್ರನ್ ತಮ್ಮನ್ನು ಗದರಿಸಿದ ಹಾಗೆ ತಾವು ಕಿರಿಯರನ್ನು ಗದರಿಸುತ್ತಾರೆ. ಹೀಗೆ ಬೈಗುಳವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ದಾದಿಯಿಂದ ಅದು ಆಯಾಳಿಗೆ, ಆಯಾಳಿಂದ ಗುಡಿಸುವವಳಿಗೆ ಇಳಿಯುವುದನ್ನೂ ನಾವು ನೋಡಿದ್ದೇವೆ.

ಸಂಬಳದ ಮಾತನ್ನೂ ಇಲ್ಲಿ ಹೇಳಿಬಿಡಬೇಕು. 2011 ಮತ್ತು 2012ರಲ್ಲಿ ಕೇರಳದಲ್ಲಿಯೂ ಕೆಲವು ಮಹಾನಗರಗಳಲ್ಲಿಯೂ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರಕ್ಕಿಳಿದಾಗ ಕೇಳಿದ್ದು ಹೆಚ್ಚು ಸಂಬಳವನ್ನು ಮಾತ್ರವಲ್ಲ. ಬಾಂಡ್ ಬರೆಸಿಕೊಳ್ಳುವುದು, ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ನಿಲ್ಲಬೇಕೆಂದೂ ಕೇಳಿದರು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ದಾದಿಯರಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆಯಾಗಬಾರದು ಎಂದು ಅದು ಶಿಫಾರಸು ಮಾಡಿತು. 2017ರ ಮುಷ್ಕರದ ಬಳಿಕ ಕೇರಳ ಸರ್ಕಾರ 2018ರ ಏಪ್ರಿಲಿನಲ್ಲಿ 20,000 ರೂಪಾಯಿಯ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿದ್ದುದರಿಂದ ಎಲ್ಲೆಡೆ ಒಂದೇ ಸಮನಾದ ಫಲ ಕಾಣಲಿಲ್ಲ.

ಒಳ್ಳೆಯ ಮಾತು ಸಂಬಳಕ್ಕೆ ಬದಲಿಯಲ್ಲ, ಇಲ್ಲದ ಕೈಗಳಿಗೂ ಬದಲಿಯಲ್ಲ. ಆದರೆ ಕೈಗಳು ಸಾಲದೆಂಬ ಮಾತನ್ನು ವಾರ್ಡಿನಿಂದ ಆಡಳಿತದ ಮೇಜಿನವರೆಗೆ ಹೊತ್ತುಕೊಂಡು ಹೋಗಬೇಕಾದವರು ಮೇಲ್ವಿಚಾರಕರೇ. ಕಿರಿಯರ ಮಾತು ಅವರಲ್ಲಿ ನಿಂತುಹೋದರೆ ಮೇಲಿರುವವರಿಗೆ ಕೊರತೆ ಕಾಣುವುದಾದರೂ ಹೇಗೆ?

ನಮ್ಮವೇ ಆಸ್ಪತ್ರೆಗಳಲ್ಲಿ

ನಮ್ಮ ನಾಡಿನ ವೈದ್ಯಸೇವೆಯ ಚರಿತ್ರೆಯಲ್ಲಿ ಕಥೋಲಿಕ ಸಂಸ್ಥೆಗಳ ಪಾಲು ದೊಡ್ಡದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ ಗುರು ಆಗಸ್ಟಸ್ ಮುಲ್ಲರ್ ಅವರು ಹೋಮಿಯೋಪಥಿ ಔಷಧ ಹಂಚುತ್ತ ಆರಂಭಿಸಿದ ಕೆಲಸ, 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು ತೆರೆದ ಸಂತ ಮಾರ್ತಾ ಆಸ್ಪತ್ರೆ, 1963ರ ಸಂತ ಜಾನ್ ವೈದ್ಯಕೀಯ ಕಾಲೇಜು, ಇವೆಲ್ಲ ಜಾತಿಮತ ನೋಡದೆ ಜನರಿಗೆ ನೆರವಾದವು. ಆಸ್ಟ್ರೇಲಿಯದಿಂದ ಬಂದು ಗುಂಟೂರಿನಲ್ಲಿ ದುಡಿದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೋರಿ ಅವರು 1943ರಲ್ಲಿ ಸ್ಥಾಪಿಸಿದ ಸಂಘಟನೆಯೇ ಇಂದಿನ ಭಾರತೀಯ ಕಥೋಲಿಕ ಆರೋಗ್ಯ ಸಂಘ.

ಈ ಹಿರಿಮೆಯ ಒಳಗೇ ಒಂದು ತೊಡಕೂ ಇದೆ. ಧರ್ಮಸಭೆಯ ಆಸ್ಪತ್ರೆಯ ಮೇಲ್ವಿಚಾರಕಿ ಅನೇಕ ವೇಳೆ ಧರ್ಮಭಗಿನಿ. ಆಕೆ ವಿಧೇಯತೆಯ ವ್ರತ ತೊಟ್ಟವರು. ಕಾನ್ವೆಂಟು ಆಸ್ಪತ್ರೆಯ ಆವರಣದಲ್ಲೇ ಇರುವುದರಿಂದ ದಿನಕ್ಕೆ ಹದಿನಾಲ್ಕು ಗಂಟೆ ದುಡಿದರೂ ಲೆಕ್ಕವಿಡುವವರಲ್ಲ. ತಮಗೆಂದು ಸಂಬಳ ಇಟ್ಟುಕೊಳ್ಳುವವರೂ ಅಲ್ಲ. ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅವರ ಕೈಕೆಳಗಿನ ದಾದಿ ವ್ರತ ತೊಟ್ಟವಳಲ್ಲ. ಅವಳಿಗೆ ಹಾಲು ಕುಡಿಯುವ ಮಗುವಿದೆ, ಹಾಸಿಗೆ ಹಿಡಿದ ಅತ್ತೆಯಿದ್ದಾರೆ, ಸಂಜೆಯ ಕಡೆಯ ಬಸ್ಸಿದೆ. ಪಾಳಿ ಮುಗಿಯುವಾಗ ಅವಳು ಗಡಿಯಾರ ನೋಡಿದರೆ ಸೇವಾಮನೋಭಾವ ಇಲ್ಲವೆಂದು ತಿಳಿಯುವುದು ಅನ್ಯಾಯ. ತಾನು ಸ್ವಇಚ್ಛೆಯಿಂದ ಕೊಟ್ಟದ್ದನ್ನು ಇನ್ನೊಬ್ಬರಿಂದ ಕಡ್ಡಾಯವಾಗಿ ಕೇಳಲಾಗದು. ‘ಇದು ಸೇವೆ’ ಎಂಬ ಪವಿತ್ರವಾದ ಮಾತನ್ನು ನ್ಯಾಯವಾದ ಬೇಡಿಕೆಯ ಬಾಯಿ ಮುಚ್ಚಿಸಲು ಬಳಸಿದರೆ ಆ ಮಾತೇ ಸವೆದುಹೋಗುತ್ತದೆ. ಕೇರಳದ ಮುಷ್ಕರಗಳ ಕಾಲದಲ್ಲಿ ಧರ್ಮಸಭೆಯ ಕೆಲವು ಆಸ್ಪತ್ರೆಗಳ ಮುಂದೆಯೂ ದಾದಿಯರು ಕುಳಿತಿದ್ದರೆಂಬುದನ್ನು ನಾವು ಮರೆಮಾಚಬಾರದು.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆಯಲ್ಲಿ ಅಸ್ಪಷ್ಟತೆ ಏನೂ ಇಲ್ಲ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ‘ರೇರುಮ್ ನೋವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ವೇತನ ಮತ್ತು ಸಂಘಟನೆಯ ಹಕ್ಕನ್ನು ಎತ್ತಿ ಹಿಡಿದರು. 1981ರಲ್ಲಿ ಎರಡನೆಯ ಜಾನ್ ಪೌಲರು ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರದಲ್ಲಿ, ಕೆಲಸ ಮನುಷ್ಯನಿಗಾಗಿ ಇರುವುದೇ ಹೊರತು ಮನುಷ್ಯ ಕೆಲಸಕ್ಕಾಗಿ ಇರುವುದಲ್ಲವೆಂದು ವಿವರಿಸಿದರು. 2025ರ ಮೇ 8ರಂದು ಆಯ್ಕೆಯಾದ ಈಗಿನ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ, ಆ ಹಿಂದಿನ ಲಿಯೋ ಅವರನ್ನೂ ಅವರ ವಿಶ್ವಪತ್ರವನ್ನೂ ಕಾರಣವಾಗಿ ತಾವೇ ಹೇಳಿಕೊಂಡಿದ್ದಾರೆ. ಕಾರ್ಖಾನೆಯ ಮಾಲೀಕನಿಗೆ ಬೋಧಿಸುವುದನ್ನು ನಮ್ಮ ವಾರ್ಡಿನಲ್ಲೂ ಪಾಲಿಸಬೇಕಲ್ಲವೆ?

ಹೊರದೇಶ ಎಲ್ಲಕ್ಕೂ ಉತ್ತರವಲ್ಲ

‘ಇಲ್ಲಿ ಹೀಗೇ, ಹೊರದೇಶಕ್ಕೆ ಹೋಗಿಬಿಡು’ ಎಂಬುದು ನಮ್ಮ ಮನೆಗಳಲ್ಲಿ ಕೇಳಿಬರುವ ಸುಲಭ ಪರಿಹಾರ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ 2023ರ ಹೊತ್ತಿಗೆ 2 ಕೋಟಿ 98 ಲಕ್ಷ ದಾದಿಯರಿದ್ದು, ಇನ್ನೂ 58 ಲಕ್ಷ ದಾದಿಯರ ಕೊರತೆಯಿತ್ತು. ಆದ್ದರಿಂದ ಹೊರಗೆ ಬಾಗಿಲು ತೆರೆದೇ ಇದೆ. ಗಲ್ಫ್ ದೇಶಗಳಿಗೂ ಬ್ರಿಟನ್, ಐರ್ಲೆಂಡುಗಳಿಗೂ ಹೋಗಿ ಗೌರವದಿಂದ ಬಾಳುತ್ತಿರುವ ನಮ್ಮ ಮಕ್ಕಳು ಬಹಳ.

ಆದರೆ ಭಯ ಎಂಬುದಕ್ಕೆ ದೇಶದ ಗಡಿಯಿಲ್ಲ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಅನುಭವಿಸಿದ ಘೋರ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ ಹೊರಬಂತು. ಖರ್ಚು ತಗ್ಗಿಸಲು ಸಿಬ್ಬಂದಿಯನ್ನು ಕಡಿತ ಮಾಡಿದ್ದು, ಗುರಿಮುಟ್ಟುವ ಲೆಕ್ಕಗಳಿಗೇ ಗಮನ ಕೊಟ್ಟದ್ದು, ಎಚ್ಚರಿಸಿದ ನೌಕರರ ಮಾತನ್ನು ಕಡೆಗಣಿಸಿದ್ದು ಅದರಲ್ಲಿ ದಾಖಲಾಗಿದೆ. 290 ಶಿಫಾರಸುಗಳ ಆ ವರದಿಯ ನಂತರ, 2015ರಲ್ಲಿ ಅವರೇ ನೀಡಿದ ಇನ್ನೊಂದು ವರದಿಯ ಫಲವಾಗಿ, ನೌಕರರು ಭಯವಿಲ್ಲದೆ ಹೋಗಿ ಹೇಳಿಕೊಳ್ಳಲೆಂದೇ ಅಲ್ಲಿನ ಸರ್ಕಾರಿ ಆಸ್ಪತ್ರೆ ಸಂಸ್ಥೆಗಳಲ್ಲಿ ಒಬ್ಬ ಪಾಲಕರನ್ನು ನೇಮಿಸುವ ವ್ಯವಸ್ಥೆ ಬಂತು. ಕಟ್ಟಡ, ಯಂತ್ರ, ಹಣ ಎಲ್ಲ ಇರುವ ದೇಶದಲ್ಲೂ ಕೇಳಿಸಿಕೊಳ್ಳುವ ಕಿವಿಯನ್ನು ಪ್ರತ್ಯೇಕವಾಗಿ ನೇಮಿಸಬೇಕಾಯಿತೆಂದರೆ ನಾವು ಕಲಿಯಬೇಕಾದದ್ದು ಏನೆಂಬುದು ಸ್ಪಷ್ಟ.

ಏನು ಮಾಡಬಹುದು?

ಕೋಟಿಗಟ್ಟಲೆ ಹಣ ಬೇಡದ ಕೆಲವು ಕೆಲಸಗಳನ್ನು ನಾಳೆಯಿಂದಲೇ ಮಾಡಬಹುದು. ಯಾರನ್ನಾದರೂ ಇನ್‌ಚಾರ್ಜ್ ಮಾಡುವ ಮೊದಲು ಜನರನ್ನು ನಡೆಸಿಕೊಳ್ಳುವ ತರಬೇತಿ ಕೊಡಬೇಕು. ಡ್ಯೂಟಿ ಪಟ್ಟಿಯನ್ನು ಸಾಕಷ್ಟು ಮುಂಚಿತವಾಗಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ರಜೆಯ ಬೇಡಿಕೆಗೆ ಒಂದು ಪುಸ್ತಕವಿರಲಿ. ಹಬ್ಬದ ರಾತ್ರಿಗಳ ಸರದಿ ಈ ವರ್ಷ ಒಬ್ಬರಿಗಾದರೆ ಮುಂದಿನ ವರ್ಷ ಇನ್ನೊಬ್ಬರಿಗೆ ಬರಲಿ. ತಿದ್ದುವ ಮಾತನ್ನು ಕೋಣೆಯೊಳಗೆ ಹೇಳಿ, ಮೆಚ್ಚುವ ಮಾತನ್ನು ವಾರ್ಡಿನಲ್ಲಿ ಹೇಳಬೇಕು. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯ ನಿಯಮಗಳಲ್ಲಿಯೇ ಅವಘಡಗಳ ದಾಖಲೆ, ನೌಕರರ ಕುಂದುಕೊರತೆ ನಿವಾರಣೆ ಎರಡಕ್ಕೂ ವ್ಯವಸ್ಥೆಯಿರಬೇಕೆಂದಿದೆ. ತಪಾಸಣೆಗೆ ಬರುವವರಿಗೆ ತೋರಿಸುವ ಕಡತವಾಗಿ ಅದು ಉಳಿಯಬಾರದು. ತಪ್ಪನ್ನು ತಾನಾಗಿ ಬಂದು ಹೇಳಿದವಳನ್ನೂ ಮುಚ್ಚಿಟ್ಟವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೆಲಸ ಬಿಟ್ಟು ಹೋಗುವ ದಾದಿಯನ್ನು, ಅವಳ ನೇರ ಮೇಲಧಿಕಾರಿಯಲ್ಲದ ಒಬ್ಬರು ಕೂರಿಸಿಕೊಂಡು, ಏಕೆ ಹೋಗುತ್ತಿದ್ದೀ ಎಂದು ಕೇಳಬೇಕು. ಕೇಳಿದ್ದನ್ನು ಬರೆದಿಡಬೇಕು.

ಕುಟುಂಬಗಳಿಗೂ ಎರಡು ಮಾತು. ಮಗಳು ಕೆಲಸದ ನೋವನ್ನು ಹೇಳಿಕೊಂಡಾಗ ಸಹಿಸಿಕೋ ಎಂದು ಬಾಯಿ ಮುಚ್ಚಿಸುವ ಮೊದಲು, ನಡೆದದ್ದೇನೆಂದು ಪೂರ್ತಿ ಕೇಳಿ. ಸಹಿಸಬೇಕಾದ ಕಷ್ಟ ಯಾವುದು, ಸಹಿಸಬಾರದ ಅನ್ಯಾಯ ಯಾವುದು ಎಂದು ಬಿಡಿಸಿ ನೋಡಲು ಅವಳಿಗೆ ನೆರವಾಗಿ. ಹಾಗೆಯೇ ನಾವು ರೋಗಿಯ ಸಂಬಂಧಿಕರಾಗಿ ಆಸ್ಪತ್ರೆಗೆ ಹೋದಾಗ, ಗ್ಲೂಕೋಸ್ ಬಾಟಲಿ ಬದಲಿಸಲು ಐದು ನಿಮಿಷ ತಡವಾದುದಕ್ಕೆ ಧ್ವನಿ ಏರಿಸುವ ಮುನ್ನ, ಆ ಹುಡುಗಿಯೂ ಯಾರದೋ ಮನೆಯ ಮಗಳು, ಅವಳ ಪಾಲಿಗೆ ಇನ್ನೂ ಎಷ್ಟು ಹಾಸಿಗೆಗಳಿವೆ ಎಂದು ಒಮ್ಮೆ ಎಣಿಸಿ ನೋಡೋಣ.

ಪವಿತ್ರ ಗುರುವಾರದಂದು ನಮ್ಮ ಇಗರ್ಜಿಗಳಲ್ಲಿ ಗುರುಗಳು ಮೊಣಕಾಲೂರಿ ಪಾದ ತೊಳೆಯುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಅಧಿಕಾರ ಎಂದರೇನೆಂದು ಪ್ರಭು ಯೇಸು ತೋರಿಸಿದ ಪಾಠ ಅದು. ಆಸ್ಪತ್ರೆಯ ಮೇಲ್ವಿಚಾರಕರು ಅಷ್ಟು ಬಾಗಬೇಕೆಂದು ನಾವು ಕೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಚೀಟಿ ಹಿಡಿದು ಅನುಮಾನದಿಂದ ಬಂದು ನಿಂತ ಕಿರಿಯ ದಾದಿಗೆ ‘ಕೇಳಿದ್ದು ಒಳ್ಳೆಯದಾಯಿತು ಮಗಾ, ನೋಡೋಣ ಬಾ’ ಎಂದರೆ ಸಾಕು. ಆ ಮಾತು ಸಿಕ್ಕಿದ್ದರೆ ಆ ಹುಡುಗಿ ಕೆಲಸ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ನಾಳೆ ಆ ಹಾಸಿಗೆಯಲ್ಲಿ ಮಲಗಬೇಕಾದವರು ನಾವೇ ಆಗಿರಬಹುದು. ಆಗ ನಮ್ಮನ್ನು ಕಾಯುವುದು ಆ ಒಂದು ಮಾತು.